ರಿಜಿಸ್ಟರಿನಲ್ಲಿಲ್ಲದ ಆಟಗಾರ

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಮೂವತ್ತಮೂರು ವರ್ಷ ರಿಜಿಸ್ಟರುಗಳೊಡನೆ ಬಾಳಿದ ನನಗೆ, ಬರೆಹದಲ್ಲಿಲ್ಲದ್ದನ್ನು ನಂಬುವುದು ಕಷ್ಟ. ಆದರೂ ಈಚೆಗೆ ನನ್ನನ್ನು ಬಹುವಾಗಿ ಕಾಡಿದವನು ಬರೆಹದಲ್ಲಿ ಪೂರ್ತಿಯಾಗಿ ಸಿಗದ ಒಬ್ಬ ಆಟಗಾರ, ಅಮೆರಿಕದ ಜಾಶ್ ಗಿಬ್ಸನ್.

ಬೇಸ್‌ಬಾಲ್ ನಮ್ಮ ಆಟವಲ್ಲ. ನಮ್ಮ ವಿಕೆಟ್‌ಕೀಪರನಂತೆ ದಾಂಡಿಗನ ಹಿಂದೆ ಕುಕ್ಕುರುಗಾಲಿನಲ್ಲಿ ಕೂರುವ ಕ್ಯಾಚರ್ ಆತನೆಂದೂ, ‘ಹೋಮ್ ರನ್’ ಎಂಬುದು ನಮ್ಮ ಸಿಕ್ಸರಿಗೆ ಸಮೀಪದ್ದೆಂದೂ ತಿಳಿದರೆ ಸಾಕು. 1911ರಲ್ಲಿ ಜಾರ್ಜಿಯಾದಲ್ಲಿ ಹುಟ್ಟಿದ ಗಿಬ್ಸನ್, ತಂದೆ ಉಕ್ಕಿನ ಕಾರ್ಖಾನೆಯ ಕೆಲಸಕ್ಕೆ ಸೇರಿದ್ದ ಪಿಟ್ಸ್‌ಬರ್ಗಿನಲ್ಲಿ ಬೆಳೆದನು. 1930ರಲ್ಲಿ ಹೋಮ್‌ಸ್ಟೆಡ್ ಗ್ರೇಸ್ ಎಂಬ ಕಪ್ಪು ಜನರ ತಂಡವನ್ನು ಸೇರಿದನು. ಅದೇ ವರ್ಷ ಆತನ ಪತ್ನಿ ಅವಳಿ ಮಕ್ಕಳನ್ನು ಹೆತ್ತು ತೀರಿಕೊಂಡಳು.

ಬಿಳಿಯರ ಮೇಜರ್ ಲೀಗಿನಲ್ಲಿ ಕಪ್ಪು ಜನರು ಆಡಕೂಡದೆಂಬ ನಿಯಮ ಯಾವ ಪುಸ್ತಕದಲ್ಲೂ ಇರಲಿಲ್ಲ. ಬರೆಯದ ಆ ನಿಯಮವನ್ನು ದಶಕಗಳ ಕಾಲ ಯಾರೂ ಮೀರಲಿಲ್ಲ. ವಾಷಿಂಗ್ಟನ್ನಿನ ಗ್ರಿಫಿತ್ ಕ್ರೀಡಾಂಗಣದಲ್ಲಿ, ಅಲ್ಲಿನ ಬಿಳಿಯರ ತಂಡ ಊರಲ್ಲಿಲ್ಲದಾಗ, ಗ್ರೇಸ್ ತಂಡ ಬಾಡಿಗೆ ಕೊಟ್ಟು ಆಡುತ್ತಿತ್ತು. ಬಾಡಿಗೆಯ ಹಣಕ್ಕೆ ಬಣ್ಣವಿರಲಿಲ್ಲ! ಉಳಿದಂತೆ ಬಸ್ಸಿನಲ್ಲಿ ಊರೂರು ಅಲೆತ, ಹೋಟೆಲು ಬಾಗಿಲು ತೆರೆಯದಿದ್ದರೆ ಬಸ್ಸಿನಲ್ಲೇ ನಿದ್ದೆ, ಎಷ್ಟೋ ದಿನ ಎರಡೆರಡು ಪಂದ್ಯ. ಲೆಕ್ಕ ಬರೆಯುವವರು ಕೆಲವೆಡೆ ಇದ್ದರು, ಹಲವೆಡೆ ಇರಲಿಲ್ಲ. ಆತನ ಕೀರ್ತಿಫಲಕದಲ್ಲಿ ಹೋಮ್ ರನ್‌ಗಳ ಸಂಖ್ಯೆ ‘ಹೆಚ್ಚುಕಡಿಮೆ 800’ ಎಂದಿದೆ. ‘ಹೆಚ್ಚುಕಡಿಮೆ’ ಎಂಬ ಮಾತನ್ನು ನಾನು ಯಾವ ರಿಜಿಸ್ಟರಿನಲ್ಲೂ ಬರೆಯಗೊಟ್ಟವನಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಒಮ್ಮೆ ಶಾಲಾ ಕ್ರೀಡಾಕೂಟದಲ್ಲಿ, ಹೆಸರು ಕೊಡಲು ಒಂದು ದಿನ ತಡಮಾಡಿದ ಹುಡುಗನೊಬ್ಬನನ್ನು, ಅಳುತ್ತಿದ್ದನೆಂದು, ಅಂಚಿನ ಗೆರೆಯ ಹೊರಗೆ ಓಡಲು ಬಿಟ್ಟೆ. ಮುರಕಲ್ಲಿನ ಮೈದಾನದಲ್ಲಿ ಬರಿಗಾಲಿನಲ್ಲಿ ಓಡಿ ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದನು. ನಾನು ಎರಡನೆಯವನ ಹೆಸರನ್ನೇ ಪ್ರಥಮವೆಂದು ಬರೆದೆ. ಅವನದು ಒಂದು ಮಧ್ಯಾಹ್ನದ ನಷ್ಟ. ಗಿಬ್ಸನ್ನನದು ಒಂದು ಆಯುಷ್ಯದ್ದು.

ಆ ಆಯುಷ್ಯವೂ ಚಿಕ್ಕದು. 1947ರ ಜನವರಿ 20ರಂದು, 35ನೆಯ ವಯಸ್ಸಿನಲ್ಲಿ, ಆತ ತೀರಿಕೊಂಡನು. ಮೂರು ತಿಂಗಳು ತುಂಬುವ ಮೊದಲೇ, ಏಪ್ರಿಲ್ 15ರಂದು, ಜಾಕಿ ರಾಬಿನ್ಸನ್ ಮೇಜರ್ ಲೀಗಿನ ಮೈದಾನಕ್ಕಿಳಿದನು. ಗಿಬ್ಸನ್ನನ ಗೋರಿಗೆ 1975ರವರೆಗೆ ಹೆಸರಿನ ಕಲ್ಲೂ ಇರಲಿಲ್ಲ.

2024ರ ಮೇ ತಿಂಗಳಲ್ಲಿ, ಸಂಶೋಧಕರು ಹಳೆಯ ಪತ್ರಿಕೆಗಳಿಂದ ಹೆಕ್ಕಿದ ಲೆಕ್ಕಗಳನ್ನು ಮೇಜರ್ ಲೀಗ್ ತನ್ನ ದಾಖಲೆಗೆ ಸೇರಿಸಿಕೊಂಡಿತು. ಗಿಬ್ಸನ್ನನ ಸರಾಸರಿ .372 ಎಂದಾಯಿತು. ಅಷ್ಟು ಕಾಲ ಅಗ್ರಸ್ಥಾನದಲ್ಲಿದ್ದ ಟೈ ಕಾಬ್‌ನದು .367.

ಆ ಸುದ್ದಿ ಓದಿದ ಸಂಜೆ ಜಗಲಿಯಲ್ಲಿ ಕುಳಿತು ನಮ್ಮ ಹುಡುಗನ ಹೆಸರನ್ನು ನೆನಪಿಸಿಕೊಳ್ಳಲು ಯತ್ನಿಸಿದೆ. ಅವನ ಮನೆ ನೆನಪಾಯಿತು, ತಂದೆಯ ಮುಖ ನೆನಪಾಯಿತು. ಹೆಸರು ಮಾತ್ರ ಬರಲಿಲ್ಲ.