ಬಾಗಿಲು ಮತ್ತು ಕಾವಲು

ಸಾಗರದಿಂದ ಸಿಗಂದೂರಿಗೆ ಹೋಗುವವರು ಲಾಂಚು ಹತ್ತುತ್ತಿದ್ದ ಕಡವಿಗೆ ಹೊಳೆಬಾಗಿಲು ಎಂದು ಹೆಸರು. ಹೆಸರಿಟ್ಟವರು ರಸಿಕರಿರಬೇಕು, ಹೊಳೆಗೂ ಬಾಗಿಲುಂಟೆ! ಆದರೂ ಇತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಿದ ಮೇಲೆ, ಆಚೆಯ ದಡದವರಿಗೆ ಸಂಜೆಯ ಲಾಂಚು ತಪ್ಪಿತೆಂದರೆ ಬಾಗಿಲು ಮುಚ್ಚಿದಂತೆಯೇ. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಬಳಿಕ ಆ ಬಾಗಿಲಿಗೆ ಹೊತ್ತುಗೊತ್ತಿಲ್ಲ.

ಈ ಸೀಮೆಯ ಅಡಿಕೆ ತೋಟಗಳಲ್ಲಿ ಇನ್ನೊಂದು ವಿಶೇಷ. ಬೇಲಿ ಮುರುಕಾಗಿದ್ದರೂ ಚಿಂತೆಯಿಲ್ಲ. ಸಿಗಂದೂರಿನ ಚೌಡೇಶ್ವರಿ ದೇವಿಯ ಕಾವಲಿದೆಯೆಂದು ಒಂದು ಹಲಗೆ ತೂಗುತ್ತಿದ್ದರೆ ಸಾಕು, ಕಳ್ಳನ ಕೈ ಹಿಂಜರಿಯುತ್ತದೆ. ಕಳ್ಳನಲ್ಲಿಯೂ ಭಕ್ತಿಯಿರುವ ನಾಡಿನಲ್ಲಿ ಇದು ಅಗ್ಗದ ಏರ್ಪಾಡೇ ಸರಿ. ಕಂಪ್ಯೂಟರಿನ ಲೋಕದಲ್ಲಿ ಮಾತ್ರ ಹಲಗೆಯನ್ನು ಓದಿ ಹಿಂದಿರುಗುವ ಕಳ್ಳರಿಲ್ಲ.

ಅಲ್ಲಿಯ ಕಾವಲೆಂದರೆ ಮೂರು ಅಂಕಿ. 1970ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬೆಳೆದ ಯುನಿಕ್ಸ್ ವ್ಯವಸ್ಥೆಯು ಜನರನ್ನು ಒಡೆಯ, ಅವನ ಗುಂಪಿನವರು, ಉಳಿದವರು ಎಂದು ವಿಂಗಡಿಸಿತು. ಓದಲು 4, ತಿದ್ದಲು 2, ನಡೆಸಲು 1. ಕಡತವೊಂದರ ಮೇಲೆ 640 ಎಂದಿದ್ದರೆ ಒಡೆಯನು ಓದಿ ತಿದ್ದಬಹುದು, ಗುಂಪಿನವರು ಓದಬಹುದು, ಮಿಕ್ಕವರಿಗೆ ದಣಪೆಯೇ ತೆರೆಯದು. ಇಂದು ಸರ್ವರುಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಲಿನಕ್ಸ್ ಇದೇ ಲೆಕ್ಕವನ್ನು ಉಳಿಸಿಕೊಂಡಿದೆ.

ತೊಂದರೆ ಬರುವುದು 777ರಿಂದ. ತಂತ್ರಾಂಶವು ಯಾವುದೋ ಕಡತವನ್ನು ತೆರೆಯಲಾರದೆ ಮುಷ್ಕರ ಹೂಡುತ್ತದೆ. ಹೊತ್ತಾಗಿದೆ, ಮೇಲಧಿಕಾರಿ ಕಾಯುತ್ತಿದ್ದಾರೆ. ಪಾಪ, ಹುಡುಗನು ಎಲ್ಲರಿಗೂ ಎಲ್ಲ ಅಧಿಕಾರವನ್ನು ಕೊಟ್ಟುಬಿಡುತ್ತಾನೆ. ಮದುವೆಮನೆಯಲ್ಲಿ ಉಗ್ರಾಣದ ಬೀಗದಕೈ ಸಿಗದೆ ಕದವನ್ನೇ ಕಿತ್ತಿಟ್ಟಂತೆ. ಕೆಲಸವೇನೋ ನಡೆಯುತ್ತದೆ, ಮದುವೆ ಮುಗಿದ ಮೇಲೆ ಕದವನ್ನು ಮತ್ತೆ ಕೂರಿಸುವ ನೆನಪು ಯಾರಿಗೂ ಇರುವುದಿಲ್ಲ.

ಹೊರಗಿನವನು ಒಮ್ಮೆಲೇ ಒಳಮನೆಗೆ ಬರಲಾರನು, ನಿಜ. ಆದರೆ ಯಾವುದೋ ದುರ್ಬಲ ಪುಟದ ಮೂಲಕ ಜಗುಲಿಯವರೆಗೆ ಬಂದವನಿಗೆ, ಪಾಸ್‌ವರ್ಡ್ ಬರೆದಿಟ್ಟ ಕಡತವು ಎಲ್ಲರೂ ಓದುವಂತಿದ್ದರೆ ಮುಂದಿನ ದಾರಿ ಸಲೀಸು. ಇದಕ್ಕಿಂತ ಕೆಟ್ಟದ್ದೂ ಉಂಟು. ಸರ್ವರಿನ ಯಜಮಾನನು ಪ್ರತಿ ರಾತ್ರಿ ತಾನಾಗಿಯೇ ನಡೆಸುವ ಆಜ್ಞೆಗಳ ಪಟ್ಟಿಯನ್ನು ಯಾರು ಬೇಕಾದರೂ ತಿದ್ದುವಂತಿದ್ದರೆ, ಕಳ್ಳನು ಅದರಲ್ಲಿ ಒಂದು ಸಾಲು ಸೇರಿಸಿ ಮಲಗಿದರಾಯಿತು. ನಡುರಾತ್ರಿ ಯಜಮಾನನೇ ಎದ್ದು ಕಳ್ಳನ ಕೆಲಸವನ್ನು ಮಾಡಿಕೊಡುತ್ತಾನೆ.

ದೂರದಿಂದ ಸರ್ವರನ್ನು ಪ್ರವೇಶಿಸಲು ಬಳಸುವ ಎಸ್‌ಎಸ್‌ಎಚ್ ಎಂಬ ತಂತ್ರಾಂಶವು ಈ ವಿಷಯದಲ್ಲಿ ಹಳೆಯ ಕಾಲದ ಅಜ್ಜಿಯಂತೆ. ಗುಪ್ತ ಕೀಲಿಯ ಕಡತವನ್ನು ಇತರರೂ ಓದುವಂತೆ ಇಟ್ಟಿದ್ದರೆ, ಕೀಲಿ ಸರಿಯಾಗಿದ್ದರೂ ಗದರಿಸಿ, ಮುಟ್ಟಲಾರೆನೆನ್ನುತ್ತದೆ.

ಓದುವುದು ಬೇರೆ, ತಿದ್ದುವುದು ಬೇರೆ ಎಂಬ ವಿವೇಕವನ್ನು ಮಲೆನಾಡಿನವರು ಕಂಪ್ಯೂಟರಿನಿಂದ ಕಲಿಯಬೇಕಾಗಿರಲಿಲ್ಲ. ಕೈಬರಹದ ಪಹಣಿಯ ಕಾಲದಲ್ಲಿ ಅದನ್ನು ನೋಡಬೇಕಾದರೂ ಗ್ರಾಮಲೆಕ್ಕಿಗರನ್ನೇ ಹುಡುಕಬೇಕು. ತಿದ್ದುಪಡಿಯಾಗಿದ್ದರೆ ತಿಳಿಯುವುದು ತಡವಾಗಿ. 2000ದ ಸುಮಾರಿಗೆ ಬಂದ ಭೂಮಿ ಯೋಜನೆಯು ಇದನ್ನು ತಿರುಗಿಸಿತು: ಶುಲ್ಕ ಕೊಟ್ಟರೆ ಪ್ರತಿ ಯಾರಿಗೂ ಸಿಗುತ್ತದೆ, ಬದಲಾಯಿಸಲು ಮಾತ್ರ ಅಧಿಕಾರವುಳ್ಳವರ ಬೆರಳಚ್ಚು ಬೇಕು. ಮುಳುಗಡೆಯಲ್ಲಿ ಊರನ್ನೇ ಬಿಟ್ಟು ಬಂದ ಸಂಸಾರಗಳಿಗೆ ಪಹಣಿಯ ಒಂದು ಸಾಲಿನ ಬೆಲೆ ಗೊತ್ತು. ಅಂಥ ಮನೆಯ ಹಿರಿಯರು ಮುದ್ರಿತ ಪ್ರತಿಯನ್ನು ಕಚೇರಿಯ ಕಿಟಕಿಯ ಬಳಿಯೇ ನಿಂತು, ಕನ್ನಡಕ ಸರಿಪಡಿಸಿಕೊಂಡು, ಒಂದೊಂದು ಕಾಲಮನ್ನೂ ಓದಿಯೇ ಮಡಚುತ್ತಾರೆ.