ಸೌತೆಗೆ ಯಾರು ನೆರೆ?

ಸೌತೆಕಾಯಿ ಎಂದರೆ ಯಾವುದು ಎಂಬುದಕ್ಕೆ ಘಟ್ಟದ ಮೇಲೆ ಒಂದು ಉತ್ತರ, ಘಟ್ಟದ ಕೆಳಗೆ ಇನ್ನೊಂದು. ಬೆಂಗಳೂರಿನಿಂದ ಬಂಟ್ವಾಳದ ನೆಂಟರ ಮನೆಗೆ ಬಂದವರು ಕೋಸಂಬರಿಗೆಂದು ಸೌತೆಕಾಯಿ ಕೇಳಿದರೆ, ಮಾಡಿನ ಅಡ್ಡದಿಂದ ಇಳಿದು ಬರುವುದು ಹೊಂಬಣ್ಣದ ಮೈಮೇಲೆ ಮಾಸಲು ಪಟ್ಟೆಗಳಿರುವ ಒಂದು ದಪ್ಪ ಕಾಯಿ. ಅದು ಕೊದ್ದೆಲಿಗೆ, ಹುಳಿಗೆ, ಸಾಂಬಾರಿಗೆ; ಹಸಿ ತಿನ್ನುವುದಕ್ಕಲ್ಲ. ಕೋಸಂಬರಿಗೆ ಬೇಕಾದರೆ ಇಲ್ಲಿ ಮುಳ್ಳುಸೌತೆ ಎಂದೇ ಕೇಳಬೇಕು. ತುಳುವಿನಲ್ಲಿ ಅದು ತೆಕ್ಕರೆ. ಕೊಂಕಣಿ ಮನೆಗಳಲ್ಲಿ ಅದು ತವಶೆ, ಮಾಡಿನ ಅಡ್ಡದಲ್ಲಿ ತೂಗುವುದು ಮಗ್ಗೆ.

ಎರಡಕ್ಕೂ ಬೇರೆ ಹೆಸರಿಟ್ಟ ಹಳಬರ ವಿವೇಕವನ್ನು ಸಸ್ಯಶಾಸ್ತ್ರವೂ ಒಪ್ಪಿದೆ. ಮುಳ್ಳುಸೌತೆ ಕುಕುಮಿಸ್ ಸಟೈವಸ್. ಮಂಗಳೂರು ಸೌತೆ ಅಥವಾ ಬಣ್ಣದ ಸೌತೆ ಎನ್ನಿಸಿಕೊಂಡದ್ದು ಕುಕುಮಿಸ್ ಮೆಲೊ, ಅಂದರೆ ಕರಬೂಜದ ಕುಲದ್ದು. ಮೊದಲನೆಯದಕ್ಕೆ 14 ವರ್ಣತಂತುಗಳು, ಎರಡನೆಯದಕ್ಕೆ 24. ಹೆಸರು ಒಂದೇ ಆದರೂ ನೆಂಟಸ್ತಿಕೆ ಕುದುರದು. ಎರಡೂ ಬಳ್ಳಿಗಳು ಒಂದರ ಮೇಲೊಂದು ಹಬ್ಬಿದರೂ, ಒಂದರ ಹೂವಿನಿಂದ ಎದ್ದ ದುಂಬಿ ಇನ್ನೊಂದರ ಹೂವಿನಲ್ಲಿ ಕುಳಿತರೂ ಬೀಜ ಕೆಡುವುದಿಲ್ಲ.

ಕೆಡುವುದು ಇಬ್ಬುಡ್ಲಿನಿಂದ. ಬೇಸಗೆಯ ಈ ಹಣ್ಣು ಮಾಗಿದೊಡನೆ ಮೈ ಬಿರಿದು, ಹಿಟ್ಟಿನಂಥ ತಿರುಳು ಹೊರಗೆ ಕಾಣಿಸುತ್ತದೆ. ಬೆಲ್ಲ, ತೆಂಗಿನ ಹಾಲು ಸೇರಿಸಿ ರಸಾಯನ ಮಾಡಿದರೆ ಸೆಖೆಯ ಮಧ್ಯಾಹ್ನಕ್ಕೆ ಅದಕ್ಕಿಂತ ತಂಪು ಬೇರಿಲ್ಲ. ಅದೂ ಕುಕುಮಿಸ್ ಮೆಲೊ. ಬಣ್ಣದ ಸೌತೆಗೂ ಅದಕ್ಕೂ ಸಲೀಸಾಗಿ ಬೆರಕೆ ಆಗುತ್ತದೆ. ಒಂದರ ಗುಣ ತಿಂಗಳುಗಟ್ಟಲೆ ಕೆಡದೆ ಉಳಿಯುವುದು, ಇನ್ನೊಂದರ ಗುಣ ಮಾಗಿದ ದಿನವೇ ಒಡೆಯುವುದು. ಎರಡೂ ಸೇರಿ ಹುಟ್ಟಿದ್ದನ್ನು ಮಾಡಿಗೆ ಕಟ್ಟಿದರೆ ಏನಾದೀತು? ಒಂದು ರಾತ್ರಿ ಕೆಳಗಿಟ್ಟ ಅಕ್ಕಿಮುಡಿಯ ಮೇಲೆ ತೊಟತೊಟ ತೊಟ್ಟಿಕ್ಕುತ್ತದೆ.

ಉಳಿಯುವ ಗುಣಕ್ಕೆ ಇಷ್ಟು ಬೆಲೆ ಯಾಕೆಂಬುದು ಆಟಿಯ ಮಳೆ ಕಂಡವರಿಗೆ ಗೊತ್ತು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಬೀಳುವುದು 4,000 ಮಿಲಿಮೀಟರಿನ ಆಸುಪಾಸು, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಘಟ್ಟದ ಬುಡದ ಬೆಳ್ತಂಗಡಿಯ ಒಳಹಳ್ಳಿಗಳಲ್ಲಿ ತೋಡು ತುಂಬಿದರೆ ಪೇಟೆಯೇ ದೂರವಾಗುತ್ತಿತ್ತು. ಆಗ ಉಪ್ಪುನೀರಿನ ಹಲಸಿನ ಸೊಳೆ, ಹಲಸಿನ ಬೀಜ, ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿದ ಸೌತೆ: ಇಷ್ಟರಲ್ಲೇ ಅಡುಗೆ. ಗಡ್ಡೆ ಮುಟ್ಟದ ಮೂಡುಬಿದಿರೆಯ ಕಟ್ಟುನಿಟ್ಟಿನ ಜೈನ ಮನೆಗಳಿಗಂತೂ ಈ ಕಾಯಿ ಇನ್ನೂ ಹತ್ತಿರದ್ದು. ತಿರುಳು ಹುಳಿಗೆ ಹೋದರೆ ಬೀಜವನ್ನು ರುಬ್ಬಿ ಸಾರು ಮಾಡುವವರಿದ್ದಾರೆ. ಬಿತ್ತುವ ಬೀಜಕ್ಕೆ ದೊಡ್ಡ ಶತ್ರು ಹುಳವಲ್ಲ, ಈ ಸಾರು ಎನ್ನಬಹುದು.

ಹಿಂದೆ ಸೌತೆಗೆ ಜಾಗ ಹುಡುಕಬೇಕಾಗಿರಲಿಲ್ಲ. ಎಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳಲ್ಲಿ ಎರಡಕ್ಕೇ ನೀರು ಸಾಲುವ ಮಜಲು ಗದ್ದೆಗಳು ಸುಗ್ಗಿಯ ಕೊಯ್ಲಾದ ಮೇಲೆ ತರಕಾರಿಗೆ ಸಿಗುತ್ತಿದ್ದವು. ಗುಳಿ ತೋಡಿ, ಸುಡುಮಣ್ಣು, ಹಟ್ಟಿಗೊಬ್ಬರ ಹಾಕಿ ಬಿತ್ತುವುದು. ಬದಿಯ ಹೊಂಡದಿಂದ ಬೆಳಿಗ್ಗೆ ಸಂಜೆ ಕೊಡದಲ್ಲಿ ನೀರು ಹೊರುವುದು. ಬಳ್ಳಿ ಹರಿಯುವಲ್ಲಿ ತರಗೆಲೆ ಹಾಸುವುದು. ಏಪ್ರಿಲ್ ನಡುವಿನ ಬಿಸುವಿಗೆ ಕಣಿ ಇಡುವಾಗ ಹೊಸ ಸೌತೆ ಇರಲೇಬೇಕು. ಗದ್ದೆ ವಿಶಾಲವಾಗಿತ್ತು. ಸೌತೆಗೊಂದು ಗದ್ದೆ, ಇಬ್ಬುಡ್ಲಿಗೆ ದೂರದ ಇನ್ನೊಂದು ಮೂಲೆ. ಬೀಜ ಕೆಡಬಾರದೆಂದು ಮಾಡಿದ ವ್ಯವಸ್ಥೆ ಅದಲ್ಲದಿರಬಹುದು. ಆದರೂ ಬೀಜ ಉಳಿಯಿತು.

ಈಗ ಆ ಮಜಲುಗಳಲ್ಲಿ ಬಹಳಷ್ಟು ಅಡಿಕೆ ತೋಟಗಳಾಗಿವೆ. ಅಡಿಕೆಯ ನೆರಳಿನಲ್ಲಿ ಸೌತೆ ಬಳ್ಳಿ ಎಲೆ ಬಿಡುತ್ತದೆ, ಕಾಯಿ ಬಿಡದು. ಉಳಿದದ್ದು ಮನೆಯ ಸುತ್ತಿನ ನಾಲ್ಕು ಸೆಂಟ್ಸ್ ಬಿಸಿಲು, ಇಲ್ಲದಿದ್ದರೆ ತಾರಸಿ. ನೇತ್ರಾವತಿಯ ದಡದ ಮೆಕ್ಕಲು ಮಣ್ಣಿನವರು ಪುಣ್ಯವಂತರು. ಮೂಡುಬಿದಿರೆಯ ಮುರಕಲ್ಲು ಜಾಗದವರು ಮಣ್ಣನ್ನೇ ಹೊತ್ತು ತರಬೇಕು. ಹಬ್ಬುವ ಬಳ್ಳಿಗಳೆಲ್ಲ ಒಂದೇ ಅಂಗಳಕ್ಕೆ ಬಂದದ್ದು ಹೀಗೆ, ತೊಂದರೆ ಹುಟ್ಟುವುದೂ ಇಲ್ಲಿಯೇ. ಬೆಳ್ತಂಗಡಿಯ ತವರಿನಿಂದ ಮಗಳು ಒಂದು ಹಿಡಿ ಬೀಜ ಒಯ್ಯುತ್ತಾಳೆ. ಮೊದಲ ವರ್ಷ ಕಾಯಿ ತಾಯಿಮನೆಯದರಂತೆಯೇ ಬರುತ್ತದೆ. ಪಕ್ಕದಲ್ಲೇ ಹಬ್ಬಿದ ಇಬ್ಬುಡ್ಲೂ ಚೆನ್ನಾಗಿ ಆಗುತ್ತದೆ. ಆ ಸೌತೆಯಿಂದಲೇ ತೆಗೆದ ಬೀಜ ಬಿತ್ತಿದ ಮರುವರ್ಷ ಫೋನು ಬರುತ್ತದೆ: ‘ಅಮ್ಮಾ, ಈ ಸಲದ್ದು ಒಂದೂ ನಿಲ್ಲಲಿಲ್ಲ. ಮಾಡಿಗೆ ಕಟ್ಟಿ ಹದಿನೈದು ದಿನ ಆಗಲಿಲ್ಲ, ಬಿರಿದು ಬಿದ್ದವು.’

ಬೆರಕೆಯ ಸ್ವಭಾವವೇ ಇದು. ಈ ವರ್ಷ ಯಾವ ಪರಾಗ ಬಿದ್ದರೂ ಈ ವರ್ಷದ ಕಾಯಿಯ ರುಚಿ ಬದಲಾಗುವುದಿಲ್ಲ. ಬದಲಾಗುವುದು ಅದರ ಒಳಗಿನ ಬೀಜ. ಸೌತೆ ಕಹಿಯಾಯಿತೆಂದು ನೆರೆಮನೆಯ ಬಳ್ಳಿಯನ್ನು ಬೈಯುವವರು ಇದನ್ನು ಗಮನಿಸಬೇಕು. ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ವಸ್ತು. ನೀರು ತಪ್ಪಿದರೆ, ಬಿಸಿಲು ಮಿತಿ ಮೀರಿದರೆ ಅದು ಹೆಚ್ಚುತ್ತದೆ. ಬೀಜದ ಹಿಂದಿನ ತಲೆಮಾರಿನಲ್ಲಿ ಕಾಡುಜಾತಿಯ ಬೆರಕೆಯಾಗಿದ್ದರೂ ಬರುತ್ತದೆ. ಸೇರುವುದು ಹೆಚ್ಚಾಗಿ ತೊಟ್ಟಿನ ಕಡೆ. ಹೆಚ್ಚುವಾಗ ಆ ತುದಿಯ ಒಂದು ಚೂರು ಬಾಯಿಗೆ ಹಾಕಿ ನೋಡದೆ ಪಾತ್ರೆಗೆ ಹಾಕುವ ಹೆಂಗಸು ಇಲ್ಲಿ ವಿರಳ. ಒಂದು ಕಹಿ ಕಾಯಿ ಇಡೀ ಕೊದ್ದೆಲನ್ನು ಹಾಳು ಮಾಡುತ್ತದೆ.

ಮುಳ್ಳುಸೌತೆಯ ಕಷ್ಟ ಬೇರೆ. ಮೇ ಕೊನೆಯ ಪತ್ತನಾಜೆ ಕಳೆದು ಮಣ್ಣು ನೆನೆಯುತ್ತಲೇ ಬಿತ್ತಿ, ಚಪ್ಪರಕ್ಕೋ ಒಣ ಕವಲುಗೆಲ್ಲಿಗೋ ಹಬ್ಬಿಸಿದರೆ ಅಷ್ಟಮಿ, ಚೌತಿ, ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಎಲ್ಲಕ್ಕೂ ಕಾಯಿ ಉಂಟು. ಮಿಕ್ಕಿದ್ದು ಕೊಟ್ಟಿಗೆಗೆ, ಅಡ್ಯೆಗೆ. ಆದರೆ ಜಡಿಮಳೆಯಲ್ಲಿ ಜೇನು ಹಾರುವುದಿಲ್ಲ. ಥಾಯ್ ಸ್ಯಾಕ್‌ಬ್ರೂಡ್ ರೋಗ 1991-92ರಲ್ಲಿ ದಕ್ಷಿಣ ಭಾರತಕ್ಕೆ ಬಂದು ತುಡುವೆಯ ಪೆಟ್ಟಿಗೆಗಳನ್ನು ಬರಿದು ಮಾಡಿದ ಮೇಲೆ, ಹೂವಿದ್ದೂ ಕಾಯಿ ಕಚ್ಚದ ಬಳ್ಳಿಗಳನ್ನು ಜನ ನೋಡಿದರು. ಕಚ್ಚಿದ ಮಿಡಿಗೂ ಹಣ್ಣುನೊಣದ ಕಾಟ: ಎಳೆ ಸಿಪ್ಪೆಯ ಕೆಳಗೆ ಮೊಟ್ಟೆ ಚುಚ್ಚಿ ಹೋಗುತ್ತದೆ, ಕಾಯಿ ಸೊಟ್ಟಗಾಗಿ ಕೊಳೆಯುತ್ತದೆ. ಕ್ಯೂಲ್ಯೂರ್ ಹಾಕಿದ ಬಲೆಗೆ ಬೀಳುವುದು ಗಂಡುನೊಣಗಳು ಮಾತ್ರ. ಆದ್ದರಿಂದ ಮಿಡಿಗೆ ಬಟ್ಟೆಯ ಚೀಲ ಕಟ್ಟುವುದು, ಕೊಳೆತದ್ದನ್ನು ಆಳವಾಗಿ ಹೂಳುವುದು ಮನೆತೋಟದವರಿಗೆ ಸರಿಯಾದ ದಾರಿ. ನವಿಲಿಗೆ ಮಾತ್ರ ಯಾರಲ್ಲೂ ಮದ್ದಿಲ್ಲ.

ಹಾಗಾದರೆ ಯಾವ ಬೀಜ ಹಾಕಬೇಕು? ಅಂಗಡಿಯ ಹೈಬ್ರಿಡ್ ಪೊಟ್ಟಣ ಕಾಯಿ ಹೆಚ್ಚು ಕೊಟ್ಟೀತು, ಅದರ ಬೀಜ ಮರುವರ್ಷ ಅದೇ ಕಾಯಿ ಕೊಡದು. ಪಾಲಿಹೌಸಿನ ಕೆಲವು ಜಾತಿಗಳಲ್ಲಂತೂ ಬೀಜವೇ ಬಲಿಯುವುದಿಲ್ಲ. ಹಿತ್ತಿಲಿನಲ್ಲಿ ಹಳೆಯ ಮುಳ್ಳುಸೌತೆ ಇದ್ದರೆ ಪೊಟ್ಟಣದ ಮುಳ್ಳುಸೌತೆಯನ್ನು ಅದರೊಂದಿಗೆ ಹೂಬಿಡಿಸದಿರುವುದು ಒಳ್ಳೆಯದು. ಕೇರಳ ಕೃಷಿ ವಿಶ್ವವಿದ್ಯಾಲಯ ಕಣಿವೆಳ್ಳರಿಯಲ್ಲಿ ‘ಮುಡಿಕ್ಕೋಡ್’, ‘ಸೌಭಾಗ್ಯ’, ‘ಅರುಣಿಮ’ ಎಂಬ ತಳಿಗಳನ್ನು ಕೊಟ್ಟಿದೆ. ಸೌಭಾಗ್ಯದ ಕಾಯಿ ಸಣ್ಣದು. ಇಬ್ಬರೇ ಇರುವ ಮನೆಗೆ ಅನುಕೂಲ. ಅವೂ ಬಣ್ಣದ ಸೌತೆಯ ಬಂಧುಗಳೇ ಆದ್ದರಿಂದ ಬೆರಕೆಯ ಮಾತು ಅಲ್ಲಿಗೂ ಅನ್ವಯಿಸುತ್ತದೆ.

ಇಬ್ಬುಡ್ಲೂ ಬೇಕು, ಸೌತೆಯೂ ಬೇಕು, ಇರುವುದು ಒಂದೇ ಅಂಗಳ ಎನ್ನುವವರಿಗೆ ನೂಲಿನ ಉಪಾಯವಿದೆ. ಮರುದಿನ ಅರಳಲಿರುವ ಹೆಣ್ಣುಮೊಗ್ಗನ್ನೂ ಅದೇ ಸೌತೆಯ ಗಂಡುಮೊಗ್ಗನ್ನೂ ಸಂಜೆ ನೂಲಿನಿಂದ ಮೆತ್ತಗೆ ಕಟ್ಟುವುದು. ಬುಡದಲ್ಲಿ ಪುಟ್ಟ ಮಿಡಿ ಇದ್ದರೆ ಹೆಣ್ಣು. ಬೆಳಿಗ್ಗೆ ದುಂಬಿಗಿಂತ ಮೊದಲು ಬಿಚ್ಚಿ, ಗಂಡುಹೂವನ್ನು ಹೆಣ್ಣಿಗೆ ಸವರಿ, ಮತ್ತೆ ಕಟ್ಟಿ, ತೊಟ್ಟಿಗೊಂದು ಕೆಂಪು ನೂಲು ಸುತ್ತುವುದು. ಬಳ್ಳಿಗೆ ಒಂದೆರಡು ಕಾಯಿ ಹೀಗೆ ಆದರೆ ಸಾಕು. ಆ ಕಾಯಿ ಪೂರ್ತಿ ಬಲಿತ ಮೇಲೆ ನಡುಭಾಗದ ಬೀಜ ತೆಗೆದು, ಲೋಳೆ ಬಿಡಲು ಒಂದು ದಿನ ನೀರಿನಲ್ಲಿಟ್ಟು, ತೊಳೆದು, ನೆರಳಿನಲ್ಲಿ ಒಣಗಿಸಿ, ಬೂದಿ ಬೆರೆಸಿ ಇಡುವುದು. ಹಳಬರು ಬೀಜವನ್ನು ಸೆಗಣಿಯಲ್ಲಿ ಒತ್ತಿ ಗೋಡೆಗೆ ಮೆತ್ತುತ್ತಿದ್ದರು. ಸಿಮೆಂಟಿನ ಗೋಡೆಗೆ ಬಣ್ಣ ಬಳಿದವರು ಅದಕ್ಕೆ ಒಪ್ಪುವುದಿಲ್ಲವಾದ್ದರಿಂದ ಬಾಟಲಿಯೇ ಸರಿ. ಕೆಂಪು ನೂಲಿನ ಕಾಯಿ ಸಾರಿಗಲ್ಲ ಎಂದು ಅಡುಗೆಮನೆಯಲ್ಲಿ ಮೊದಲೇ ಹೇಳಿಡಬೇಕು.