ಗಾರ್ಡು ಗಾಡಿಗೋ, ಗಾಡಿ ಓಡಿಸುವವನಿಗೋ?



ಹಾಡು, ನಾಟಕ, ಭಾಷಣಗಳ ಬಗ್ಗೆ ನಿಮಗೆ ಹೇಳುವವರು ನಮ್ಮ ಸಂಘದಲ್ಲಿ ಬೇಕಾದಷ್ಟು ಜನ ಇದ್ದಾರೆ. ನನಗೆ ಗೊತ್ತಿರುವುದು ಕಬ್ಬಿಣ. ಪಿಂಪರಿಯ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ 31 ವರ್ಷ ದುಡಿದು ನಿವೃತ್ತನಾದವನು ನಾನು. ಹೀಗಾಗಿ ಸಂಪಾದಕರು "ಯುವಕರಿಗಾಗಿ ಏನಾದರೂ ಬರೆದುಕೊಡಿ" ಎಂದಾಗ, ನಿಮ್ಮಲ್ಲಿ ಹಲವರು ಬೈಕಿನ ಎಂಜಿನ್ನಿನ ಮುಂದೆ ಅಡ್ಡಲಾಗಿ ಹಾಕಿಸುವ ಆ ಬಗ್ಗಿಸಿದ ಪೈಪಿನ ಬಗ್ಗೆಯೇ ಬರೆಯೋಣ ಎನಿಸಿತು. ನೀವು ಅದನ್ನು ಕ್ರ್ಯಾಶ್ ಗಾರ್ಡ್ ಎನ್ನುತ್ತೀರಿ. ನಮ್ಮ ಕಾಲದವರು ಲೆಗ್ ಗಾರ್ಡ್ ಎನ್ನುತ್ತೇವೆ. ನಿಮ್ಮಲ್ಲಿ ಕೆಲವರು ಕನ್ನಡವನ್ನು ನಿಧಾನವಾಗಿ ಓದುವವರೆಂದು ಬಲ್ಲೆ. ಆದಷ್ಟು ಸರಳವಾಗಿಯೇ ಹೇಳುತ್ತೇನೆ.

ಎರಡು ವರ್ಷದ ಹಿಂದೆ, ದೀಪಾವಳಿಗೆ ಇನ್ನೂ ಒಂದು ತಿಂಗಳಿರುವಾಗ, ನಮ್ಮ ಅಕ್ಕನ ಮಗ ನನ್ನ ಬಳಿ ಬಂದ. ಹುಟ್ಟಿ ಬೆಳೆದದ್ದು ಪುಣೆಯಲ್ಲೇ. ಕಾಲೇಜಿನ ಕೊನೆಯ ವರ್ಷ. ಸೆಕೆಂಡ್ ಹ್ಯಾಂಡ್ 150 ಸಿ.ಸಿ. ಬೈಕೊಂದನ್ನು ಕೊಂಡಿದ್ದ. ಹಬ್ಬಕ್ಕೆ ಹುಬ್ಬಳ್ಳಿಯ ಅಜ್ಜಿಯ ಮನೆಗೆ ಬೈಕಿನಲ್ಲೇ ಹೋಗಬೇಕೆಂಬ ಆಸೆ. ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ ದಾಟಿ ನಾನೂರು ಕಿಲೋಮೀಟರಿಗೂ ಮೀರಿದ ದಾರಿ. ಅಕ್ಕ ಮೊದಲು ಬೇಡವೆಂದಳು, ಆಮೇಲೆ "ಮುಂದ ಗಾರ್ಡ್ ಹಾಕಿಸಿದರ ಹೋಗು" ಎಂದಳು. ಟ್ಯೂಷನ್ ಹೇಳಿ ಕೂಡಿಸಿದ 5,000 ರೂಪಾಯಿ ಅವನ ಹತ್ತಿರ ಇತ್ತು. ಷೋರೂಮಿನಲ್ಲಿ ಗಾರ್ಡೊಂದಕ್ಕೇ 3,400 ಕೇಳಿದರಂತೆ. "ಮಾಮಾ, ಸೋವಿ ಒಳಗ ಎಲ್ಲಿ ಸಿಗ್ತದ?" ಎಂದು ಕೇಳಲು ಬಂದಿದ್ದ. ಅವನ ಮೊಬೈಲಿನಲ್ಲಿದ್ದ ಗಾರ್ಡಿನ ಚಿತ್ರವನ್ನು ನೋಡಿ ಅಕ್ಕ ಇನ್ನೊಂದು ಪ್ರಶ್ನೆ ಹಾಕಿದಳು: "ಇದು ಗಾಡೀಗೋ, ನಿನಗೋ?"

ಅವಳು ಓದಿದ್ದು ಏಳನೆಯ ಇಯತ್ತೆ. ಆದರೆ ಈ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ.

ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಹ್ಯಾರಿ ಹರ್ಟ್ ಎಂಬ ಸಂಶೋಧಕರೂ ಅವರ ತಂಡದವರೂ ಸುಮಾರು 900 ಬೈಕ್ ಅಪಘಾತಗಳನ್ನು, ನಡೆದ ಜಾಗಕ್ಕೇ ಹೋಗಿ ಪರೀಕ್ಷಿಸಿದರು. ಅವರ ವರದಿ 1981ರಲ್ಲಿ ಪ್ರಕಟವಾಯಿತು. ಗಾರ್ಡಿನ ವಿಷಯದಲ್ಲಿ ಅವರು ಕಂಡದ್ದಿಷ್ಟು: ಅದು ಪಾದ ಮತ್ತು ಹರಡಿನ ಗಾಯವನ್ನು ಕಡಿಮೆ ಮಾಡುತ್ತದೆ. ಆದರೆ ಮೊಣಕಾಲು, ತೊಡೆ, ಮೊಳಕಾಲಿನ ಗಾಯ ಅಷ್ಟೇ ಹೆಚ್ಚುತ್ತದೆ. ಕೂಡಿ ಕಳೆದರೆ ಸವಾರನಿಗೆ ಲಾಭವಿಲ್ಲ. ಯೋಚಿಸಿ ನೋಡಿದರೆ ಇದು ಸಹಜವೇ. ಜೋರಾಗಿ ಹೋಗುವಾಗ ಢಿಕ್ಕಿಯಾದರೆ ಸವಾರ ಒಂದು ಕಡೆ, ಬೈಕು ಒಂದು ಕಡೆ. ಬೈಕಿಗೆ ಕಚ್ಚಿಕೊಂಡಿರುವ ಪೈಪು ಗಾಳಿಯಲ್ಲಿ ಹಾರುತ್ತಿರುವ ಮನುಷ್ಯನನ್ನು ಕಾಯುವುದು ಹೇಗೆ?

ಹಾಗಾದರೆ ಗಾರ್ಡು ದಂಡವೇ? ಅಲ್ಲ. ಅದರ ಕೆಲಸ ನಿಧಾನದ ಬೀಳುವಿಕೆಯಲ್ಲಿದೆ. ಸಿಗ್ನಲಿನಲ್ಲಿ ನಿಂತಾಗ, ಮರಳಿನ ಮೇಲೆ ತಿರುಗಿಸುವಾಗ, ಮಳೆಯಲ್ಲಿ ಜಾರಿದಾಗ ಬೈಕು ಪಕ್ಕಕ್ಕೆ ಮಲಗುತ್ತದೆ. ಸುಮಾರು ಒಂದೂವರೆ ಕ್ವಿಂಟಲ್ ತೂಕ ನಿಮ್ಮ ಹರಡಿನ ಮೇಲೆ ಬರುತ್ತದೆ. ಒಳ್ಳೆಯ ಗಾರ್ಡಿದ್ದರೆ ಅದು ಮೊದಲು ನೆಲ ಮುಟ್ಟಿ, ಬೈಕಿಗೂ ನೆಲಕ್ಕೂ ನಡುವೆ ಕಾಲು ಹಿಡಿಯುವಷ್ಟು ಜಾಗ ಉಳಿಸುತ್ತದೆ. ಎಂಜಿನ್ ಕವರ್, ಗೇರ್ ಲಿವರ್ ಇವುಗಳ ರಿಪೇರಿ ಖರ್ಚೂ ಉಳಿಯುತ್ತದೆ. ಅಕ್ಕನ ಪ್ರಶ್ನೆಗೆ ಉತ್ತರ ಇದೇ: ಹೆಚ್ಚಿನ ಪಾಲು ಗಾಡಿಗೆ, ಸ್ವಲ್ಪ ಪಾಲು ಅವನ ಕಾಲಿಗೆ, ತಲೆಗೆ ಏನೂ ಇಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಿಮ್ಮ ಅಜ್ಜಿಯಿಂದ ಕೇಳಿರುತ್ತೀರಿ. ಕೈಯಲ್ಲಿರುವ ಹಣ ಇಷ್ಟೇ ಎಂದಾಗ ಯಾವುದಕ್ಕೆ ಮೊದಲು, ಯಾವುದಕ್ಕೆ ಆಮೇಲೆ ಎಂಬ ಲೆಕ್ಕ ಬೇಕು. ನಾನು ಹುಡುಗನನ್ನು ಕರೆದುಕೊಂಡು ನಾನಾ ಪೇಟೆಗೆ ಹೋದೆ. ಪುಣೆಯವರಿಗೆ ಈ ಬೀದಿಯ ಪರಿಚಯ ಹೇಳಬೇಕಿಲ್ಲ. ದ್ವಿಚಕ್ರ ವಾಹನದ ಬಿಡಿಭಾಗದ ಅಂಗಡಿಗಳು ಒತ್ತೊತ್ತಾಗಿ ನಿಂತಿರುವ ಜಾಗ. ದೆಹಲಿಯವರಿಗೆ ಕರೋಲ್ ಬಾಗ್, ಚೆನ್ನೈಯವರಿಗೆ ಪುದುಪೇಟೆ, ಬೆಂಗಳೂರಿಗೆ ಹೋದರೆ ಜೆ.ಸಿ. ರಸ್ತೆ ಇದೆ. ಇಂಥ ಬೀದಿಗಳಲ್ಲಿ ಮೊದಲ ಅಂಗಡಿಯಲ್ಲೇ ಕೊಳ್ಳಬೇಡಿ. ನಾಲ್ಕು ಅಂಗಡಿ ಹತ್ತಿ, ನಾಲ್ಕು ಗಾರ್ಡುಗಳನ್ನು ಕೈಯಲ್ಲಿ ಹಿಡಿದು ನೋಡಿ.

ನಮಗೆ ಒಂದು ಅಂಗಡಿಯಲ್ಲಿ 900 ರೂಪಾಯಿಯದು ಸಿಕ್ಕಿತು, ಇನ್ನೊಂದರಲ್ಲಿ 1,400ರದು. ಎರಡಕ್ಕೂ ಒಂದೇ ಕಪ್ಪು ಬಣ್ಣ, ಒಂದೇ ಆಕಾರ. ಹುಡುಗ 900ರದಕ್ಕೆ ಕೈ ಹಾಕಿದ. ನಾನು ಎರಡನ್ನೂ ತಿರುಗಿಸಿ ತೋರಿಸಿದೆ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲು ತೂಕ ನೋಡಿ. ಪೈಪಿನ ಗೋಡೆಯ ದಪ್ಪವನ್ನು ಗೇಜಿನಲ್ಲಿ ಹೇಳುತ್ತಾರೆ. ಗೇಜಿನ ಅಂಕಿ ಕಡಿಮೆಯಾದಷ್ಟೂ ದಪ್ಪ ಹೆಚ್ಚು: 16 ಗೇಜು ಎಂದರೆ ಸುಮಾರು 1.6 ಮಿ.ಮೀ., 14 ಗೇಜು ಎಂದರೆ ಸುಮಾರು 2 ಮಿ.ಮೀ. 16ಕ್ಕಿಂತ ತೆಳ್ಳಗಿನದು ಬೇಡ. ಅಂಗಡಿಯವನು ಬಾಯಲ್ಲಿ ಏನೇ ಹೇಳಲಿ, ಒಂದೇ ಅಳತೆಯ ಎರಡು ಗಾರ್ಡುಗಳನ್ನು ಎರಡು ಕೈಯಲ್ಲಿ ಹಿಡಿದರೆ ಸತ್ಯ ತಿಳಿಯುತ್ತದೆ.

ಎರಡನೆಯದು ವೆಲ್ಡಿಂಗ್. ಪೈಪು ಪಟ್ಟಿಗೆ ಕೂಡುವಲ್ಲಿ ಸುತ್ತಲೂ ಬಿಡುವಿಲ್ಲದೆ ವೆಲ್ಡ್ ಓಡಿರಬೇಕು. ಅಗ್ಗದ ಮಾಲಿನಲ್ಲಿ ಎರಡು ಕಡೆ ಚುಕ್ಕೆ ಇಟ್ಟು, ಮೇಲೆ ದಪ್ಪ ಬಣ್ಣ ಬಳಿದಿರುತ್ತಾರೆ. ಸಣ್ಣ ತೂತುಗಳು ಕಂಡರೆ ಅಲ್ಲೇ ಇಟ್ಟು ಬನ್ನಿ. ಪೈಪು ಬಾಗಿದ ಜಾಗದಲ್ಲಿ ಚಪ್ಪಟೆಯಾಗಿರಬಾರದು. ಪೈಪಿನ ತುದಿಗಳು ಮುಚ್ಚಿ ದುಂಡಗಾಗಿರಬೇಕು. ತೆರೆದ ತುದಿ ಬಿದ್ದಾಗ ಚಾಕುವಿನಂತೆ ಕೊಯ್ಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಹೊಳಪಿಗೆ ಮರುಳಾಗಬೇಡಿ. ಅದು ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ತೆಳ್ಳಗಿನ ಹೊಳೆಯುವ ಪೈಪಿಗಿಂತ ದಪ್ಪಗಿನ ಸಾದಾ ಉಕ್ಕೇ ಮೇಲು.

ಮೂರನೆಯದು, ಹಲವರು ನೋಡದೇ ಬಿಡುವುದು, ಕೂರಿಸುವ ಜಾಗ. ನಿಮ್ಮ ಮಾಡಲ್ಲಿಗೇ ಮಾಡಿದ ಗಾರ್ಡನ್ನೇ ಕೇಳಿ. ಅದು ಚಾಸಿಯ ಅಥವಾ ಎಂಜಿನ್ ಮೌಂಟಿನ ತೂತುಗಳಿಗೆ ಸರಿಯಾಗಿ ಕೂರಬೇಕು. ಮೇಲೊಂದು ಕೆಳಗೊಂದು ಹೀಗೆ ಎರಡು ಕಡೆಯಾದರೂ ಹಿಡಿತ ಇರಬೇಕು. ಒಂದೇ ಕ್ಲಾಂಪಿನಲ್ಲಿ ನೇತಾಡುವ ಗಾರ್ಡು ಬಿದ್ದಾಗ ಹಿಂದಕ್ಕೆ ತಿರುಗಿ ನಿಮ್ಮ ಕಾಲನ್ನೇ ಬ್ರೇಕ್ ಪೆಡಲಿಗೆ ಒತ್ತಿ ಹಿಡಿಯುತ್ತದೆ. ಕಾಯಲು ತಂದ ನಾಯಿಯೇ ಕಚ್ಚಿದ ಹಾಗೆ. ಗಾರ್ಡಿಗಾಗಿ ಎಂಜಿನ್ ಮೌಂಟಿನ ಬೋಲ್ಟ್ ತೆಗೆದು ಉದ್ದದ್ದು ಹಾಕುವುದಾದರೆ, ಆ ಬೋಲ್ಟಿನ ತಲೆಯ ಮೇಲೆ 8.8 ಎಂಬ ಅಂಕಿ ಒತ್ತಿದೆಯೇ ನೋಡಿ. ಅದು ಹೈ ಟೆನ್ಸೈಲ್ ಬೋಲ್ಟಿನ ಗುರುತು. ಅಂಕಿಯಿಲ್ಲದ ಬೋಲ್ಟನ್ನು ಬಾಗಿಲಿನ ಚಿಲಕಕ್ಕೆ ಬಳಸಿ, ಎಂಜಿನ್ನಿಗೆ ಬೇಡ.

ಗಾರ್ಡು ಹ್ಯಾಂಡಲಿಗಿಂತ ಅಗಲವಾಗಿ ಚಾಚಿರಬಾರದು. ಚಾಚಿದರೆ ಡಿವೈಡರಿಗೂ ಪಕ್ಕದವರ ಮೊಣಕಾಲಿಗೂ ಅದೇ ಮೊದಲು ತಗಲುತ್ತದೆ. ಕಾರು ಜೀಪುಗಳ ಮುಂದೆ ಹಾಕಿಸುವ ಬುಲ್ ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆದದ್ದೂ, 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮನ್ನು ನೆನಪಿಸಿದ್ದೂ ಇದೇ ಕಾರಣಕ್ಕೆ: ನಮ್ಮನ್ನು ಕಾಯುವ ಕಬ್ಬಿಣ ದಾರಿಹೋಕನನ್ನು ಕೊಲ್ಲಬಾರದು.

ಫೇರಿಂಗ್ ಇರುವ ಬೈಕಿನವರು ಗಾರ್ಡಿನ ಬದಲು ನೈಲಾನಿನ ಗುಂಡುಗಳನ್ನು, ಅಂದರೆ ಸ್ಲೈಡರ್‌ಗಳನ್ನು, ಹಾಕಿಸುತ್ತಾರೆ. ನುಣುಪು ರಸ್ತೆಯಲ್ಲಿ ಜಾರಿದರೆ ಅವು ಒಳ್ಳೆಯವೇ. ಆದರೆ ತೀರ ಉದ್ದದ ಸ್ಲೈಡರ್ ರಸ್ತೆಯ ಅಂಚಿಗೆ ಸಿಕ್ಕಿಕೊಂಡರೆ ಹಾರೆಯಂತೆ ಎಂಜಿನ್ ಮೌಂಟನ್ನೇ ಎಬ್ಬಿಸುತ್ತದೆ. ಗಿಡ್ಡದ್ದನ್ನೇ ಆರಿಸಿ.

1,400ರ ಗಾರ್ಡನ್ನೇ ಕೊಂಡು ಪಕ್ಕದ ಮೆಕ್ಯಾನಿಕ್‌ಗೆ 150 ಕೊಟ್ಟು ಕೂರಿಸಿದೆವು. ಕೂರಿಸಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕು ಗೇರುಗಳನ್ನು ಪೂರ್ತಿ ಒತ್ತಿ, ಮುಂದಿನ ಷಾಕ್ ಅಬ್ಸಾರ್ಬರನ್ನು ಮೈಭಾರ ಹಾಕಿ ಕುಗ್ಗಿಸಿ, ಎಲ್ಲಿಯೂ ತಗಲುವುದಿಲ್ಲವೆಂದು ನೋಡಬೇಕು. ಇನ್ನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಬೇಕು.

ಅಲ್ಲಿ ಬೈಕಿನ ಸುತ್ತ ತಿರುಗುವಾಗ ಕಂಡಿತು: ಹಿಂದಿನ ಚಕ್ರದ ಪಕ್ಕದ ಸೀರೆ ಗಾರ್ಡೇ ಇಲ್ಲ. ಹಳೆಯ ಮಾಲೀಕ ಅಂದಕ್ಕಾಗಿ ಕಿತ್ತು ಎಸೆದಿದ್ದ. ನಿಮ್ಮಲ್ಲಿ ಎಷ್ಟೋ ಜನ ಹೀಗೆ ತೆಗೆಸಿದ್ದೀರಿ, ನಾನು ನೋಡಿದ್ದೇನೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮದಂತೆ, ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕದ ಹಾಗೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ರಕ್ಷಣೆ ಇರಲೇಬೇಕು. ನೀವು ಹಣ ಕೊಟ್ಟು ಹಾಕಿಸುವ ಮುಂದಿನ ಗಾರ್ಡನ್ನು ಕಾನೂನು ಕೇಳುವುದಿಲ್ಲ. ನೀವು ಬಿಚ್ಚಿಸುವ ಹಿಂದಿನದನ್ನು ಕೇಳುತ್ತದೆ. ಪ್ರತಿ ಮಂಗಳವಾರ ಆ ಸೀಟಿನ ಮೇಲೆ ಒಂದೇ ಕಡೆ ಕಾಲು ಹಾಕಿ ಕೂತು ದೇವಸ್ಥಾನಕ್ಕೆ ಹೋಗುತ್ತಿದ್ದವಳು ನಮ್ಮ ಅಕ್ಕ. ಹುಡುಗನ ಮುಖ ಸಣ್ಣದಾಯಿತು. ಸೀರೆ ಗಾರ್ಡಿಗೆ 250.

ಉಳಿದದ್ದರಲ್ಲಿ 2,100ಕ್ಕೆ ಒಂದು ಹೆಲ್ಮೆಟ್. ಪುಣೆಯವರಾದ ನಾವು ಹೆಲ್ಮೆಟ್ ಎಂದರೆ ಮುಖ ಸಿಂಡರಿಸುವ ಜನ. ಆದರೂ ಕೇಳಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರದ ಮೇಲಿದ್ದವರು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೆಲ್ಮೆಟ್ ಸಾವಿನ ಅಪಾಯವನ್ನು ನೂರಕ್ಕೆ ಸುಮಾರು 40ರಷ್ಟು, ತಲೆಯ ಗಾಯದ ಅಪಾಯವನ್ನು ಸುಮಾರು 70ರಷ್ಟು ಇಳಿಸುತ್ತದೆ ಎಂದು ಕಂಡುಬಂದಿದೆ. ಯಾವ ಪೈಪೂ ಇಷ್ಟು ಮಾಡಲಾರದು. 2021ರ ಜೂನ್ 1ರಿಂದ ಐ.ಎಸ್.ಐ. ಗುರುತಿಲ್ಲದ ಹೆಲ್ಮೆಟ್ ಮಾರುವುದೇ ಅಪರಾಧ. ಗುರುತಿನ ಜೊತೆ ಐ.ಎಸ್. 4151 ಎಂಬ ಅಂಕಿ ಇದೆಯೇ ನೋಡಿ. ಪಟ್ಟಿ ಬಿಗಿದ ಮೇಲೆ ಹಿಂದಿನಿಂದ ಮೇಲಕ್ಕೆ ತಳ್ಳಿದರೆ ಅದು ತಲೆಯಿಂದ ಕಳಚಬಾರದು.

ಕೈಗವಸಿಗೆ 650. ಬಿದ್ದವನು ಮೊದಲು ಊರುವುದು ಅಂಗೈಯನ್ನೇ. ಮುಂದಿನ ಡಿಸ್ಕ್ ಬ್ರೇಕಿನ ಪ್ಯಾಡುಗಳು ಸವೆದಿದ್ದವು, ಅದಕ್ಕೆ 400. ಬೀಳದಂತೆ ನಿಲ್ಲಿಸುವುದು ಬಿದ್ದ ಮೇಲಿನ ರಕ್ಷಣೆಗಿಂತ ದೊಡ್ಡದಲ್ಲವೇ? ಲೆಕ್ಕ ಹಾಕಿ: ಒಟ್ಟು 4,950. ಮಿಕ್ಕ 50 ರೂಪಾಯಿಗೆ ಇಬ್ಬರೂ ಚಹಾ ಕುಡಿದೆವು. ಷೋರೂಮಿನಲ್ಲಿ ಗಾರ್ಡೊಂದಕ್ಕೇ ಕೊಟ್ಟಿದ್ದರೆ ಇವುಗಳಲ್ಲಿ ಅರ್ಧವೂ ಆಗುತ್ತಿರಲಿಲ್ಲ.

ಮರುವರ್ಷದ ಜುಲೈ ಮಳೆಯಲ್ಲಿ, ಸಿಗ್ನಲಿನ ಜೀಬ್ರಾ ಪಟ್ಟಿಯ ಒದ್ದೆ ಬಣ್ಣದ ಮೇಲೆ, ಅವನ ಬೈಕು ಎಡಕ್ಕೆ ಮಲಗಿತು. ಗಾರ್ಡು ಬಾಗಿತು, ಕೈಗವಸು ಹರಿಯಿತು. ಕಾಲು, ಅಂಗೈ ಎರಡೂ ಉಳಿದವು. ಮೆಕ್ಯಾನಿಕ್ ಬಾಗಿದ ಗಾರ್ಡನ್ನು ಬಡಿದು ನೆಟ್ಟಗೆ ಮಾಡಿಕೊಡುತ್ತೇನೆಂದ. ಬೇಡವೆಂದು ಹೊಸದು ಹಾಕಿಸಿದೆವು. ಒಮ್ಮೆ ಬಾಗಿದ ಪೈಪು ತನ್ನ ಕೆಲಸ ಮುಗಿಸಿದೆ. ಬಡಿದು ನೆಟ್ಟಗೆ ಮಾಡಿದರೆ ಕಣ್ಣಿಗೆ ಕಾಣದ ಬಿರುಕು ಉಳಿಯುತ್ತದೆ.

ಮಿತ್ರರೇ, ನಾವು ಹೊರನಾಡಿನಲ್ಲಿರುವವರು. ಊರಿನಲ್ಲಾದರೆ ಆಸ್ಪತ್ರೆಯ ಹೊರಗೆ ರಾತ್ರಿಯಿಡೀ ಕೂರಲು ದೊಡ್ಡಪ್ಪ, ಚಿಕ್ಕಪ್ಪ, ಅಣ್ಣತಮ್ಮಂದಿರು ಇರುತ್ತಾರೆ. ಇಲ್ಲಿ ನಿಮ್ಮ ಅಪ್ಪ ಅಮ್ಮ ಇಬ್ಬರೇ. ಒಬ್ಬರು ಹಾಸಿಗೆಯ ಪಕ್ಕ, ಒಬ್ಬರು ಔಷಧಿಯ ಕಿಟಕಿಯ ಮುಂದೆ. ಸಂಘದ ಕೆಲಸದಲ್ಲಿ ಅಂಥ ಹಲವು ರಾತ್ರಿಗಳನ್ನು ನಾನು ಅವರ ಜೊತೆ ಕಳೆದಿದ್ದೇನೆ. ಆಗ ಯಾರೂ ಬೈಕಿನ ಗತಿ ಏನಾಯಿತೆಂದು ಕೇಳುವುದಿಲ್ಲ.

ಬೈಕು ಬೇಡವೆಂದು ನಾನು ಹೇಳುವುದಿಲ್ಲ. ಘಟ್ಟದ ದಾರಿಯ ಬೆಳಗಿನ ಗಾಳಿಯ ಸುಖ ನನಗೂ ಗೊತ್ತು. ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಸಂಘದ ಗ್ರಂಥಾಲಯದಲ್ಲಿ ನಾನು ಇರುತ್ತೇನೆ. ಗಾರ್ಡು ಕೊಳ್ಳುವ ಮೊದಲು ಬೈಕು ತನ್ನಿ, ಯಾವ ತೂತಿಗೆ ಯಾವುದು ಕೂರುತ್ತದೆಂದು ನೋಡಿ ಹೇಳುತ್ತೇನೆ. ಕೊಂಡಾಗಿದ್ದರೆ ಬೋಲ್ಟಿನ ತಲೆ ನೋಡೋಣ. ಸಲಹೆಗೆ ಶುಲ್ಕವಿಲ್ಲ. ಮಾತು ಮಾತ್ರ ಕನ್ನಡದಲ್ಲೇ ಆಗಬೇಕು, ತಪ್ಪಾದರೂ ಚಿಂತೆಯಿಲ್ಲ.